ಬೀದಿ ಬೆಕ್ಕನ್ನು ಮನೆಗೆ ಸೇರಿಸುವುದು, ಕ್ಯಾರಿಯರ್‌ಗೆ ಹತ್ತಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತು ವರ್ಷದಲ್ಲಿ ನಮ್ಮ ಮನೆಗೆ ಐದು ಬೀದಿ ಬೆಕ್ಕುಗಳು ಬಂದು ಸೇರಿಕೊಂಡಿವೆ. ಒಂದನ್ನೂ ನಾವಾಗಿ ಹುಡುಕಿಕೊಂಡು ಹೋದದ್ದಲ್ಲ. ಈಗ ನಮ್ಮ ರಸ್ತೆಯಲ್ಲಿ ಯಾರ ಕಾಂಪೌಂಡಿಗೆ ಬೆಕ್ಕು ಬಂದು ಕೂತರೂ ನನಗೊಂದು ಫೋನ್ ಬರುತ್ತದೆ. ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು: ಮನೆಗೆ ಸೇರಿಸುವುದು ಹೇಗೆ, ಕ್ಯಾರಿಯರ್‌ಗೆ, ಅಂದರೆ ಬೆಕ್ಕನ್ನು ಒಯ್ಯುವ ಡಬ್ಬಕ್ಕೆ, ಹತ್ತಿಸುವುದು ಹೇಗೆ. ನಾನು ಡಾಕ್ಟರಲ್ಲ. ಔಷಧಿ, ಡೋಸು ಇವೆಲ್ಲ ನಿಮ್ಮ ಪಶುವೈದ್ಯರಿಗೆ ಬಿಟ್ಟದ್ದು. ಉಳಿದದ್ದು ಪರಚಿಸಿಕೊಂಡು ಕಲಿತದ್ದು.

## ಬಾಗಿಲಿಗೆ ಬಂದ ಬೆಕ್ಕು

ಒಂದು ತಿಂಗಳಿಂದ ದಿನಾ ಬರ್ತಿದೆ. ಇದು ಯಾರದೋ ಮನೆಯದ್ದಾ, ಬೀದಿಯದ್ದಾ, ಹೇಗೆ ಗೊತ್ತಾಗುತ್ತೆ?

ಮೊದಲು ಕಿವಿ ನೋಡಿ. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದ ಹಾಗಿದ್ದರೆ, ಯಾರೋ ಅದಕ್ಕೆ ಮರಿ ಆಗದಂತೆ ಆಪರೇಷನ್ ಮಾಡಿಸಿ ಬಿಟ್ಟಿದ್ದಾರೆ ಎಂದರ್ಥ. ಆಮೇಲೆ ನಡೆಯುವ ರೀತಿ ನೋಡಿ. ಮನೆಯಲ್ಲಿ ಬೆಳೆದು ಬೀದಿಗೆ ಬಿದ್ದ ಬೆಕ್ಕು ಬಾಲ ಎತ್ತಿಕೊಂಡು ಬರುತ್ತದೆ, ನಿಮ್ಮ ಮುಖ ನೋಡಿ ಕೂಗುತ್ತದೆ. ಬೀದಿಯಲ್ಲೇ ಹುಟ್ಟಿ ಬೆಳೆದದ್ದು ಗೋಡೆ ಬದಿಯಲ್ಲಿ ತಗ್ಗಿ ನಡೆಯುತ್ತದೆ, ನೀವು ಒಳಗೆ ಹೋಗುವವರೆಗೂ ತಟ್ಟೆ ಮುಟ್ಟುವುದಿಲ್ಲ.

ಮುಟ್ಟಲು ಬಿಡುವ ಬೆಕ್ಕಾದರೆ ಕಾಗದದ ಉಪಾಯ ಮಾಡಿ. ನೋಟ್‌ಬುಕ್ಕಿನ ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಹರಿದು, 'ಈ ಬೆಕ್ಕು ನಿಮ್ಮದಾ? ಫೋನ್ ಮಾಡಿ' ಅಂತ ನಂಬರ್ ಬರೆದು, ಕತ್ತಿಗೆ ಸಡಿಲವಾಗಿ ಸುತ್ತಿ ಟೇಪ್ ಅಂಟಿಸಿ. ದಾರ ಬೇಡ. ಎಲ್ಲಾದರೂ ಸಿಕ್ಕಿಕೊಂಡರೆ ಕಾಗದ ಹರಿಯುತ್ತದೆ, ದಾರ ಹರಿಯುವುದಿಲ್ಲ. ನಮ್ಮ ಎರಡನೇ ಬೆಕ್ಕಿಗೆ ಹೀಗೆ ಕಟ್ಟಿ ಕಳಿಸಿದ್ದೆವು. ಮರುದಿನ ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಉತ್ತರ ಬಂತು: 'ನಮ್ಮನೇಲೂ ಊಟ ಮಾಡುತ್ತೆ. ನಮ್ಮದಲ್ಲ.'

ದಿನಾ ಹಾಲು ಹಾಕಿದ್ರೆ ಸಾಲದಾ?

ಸಾಲದು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಕಣ್ಣು ಮುಚ್ಚಿ ಕುಡಿಯುತ್ತದೆ ಅನ್ನುವುದು ಗಾದೆಗೆ ಸರಿ, ಹೊಟ್ಟೆಗೆ ಸರಿಯಲ್ಲ. ಒಂದು ಬಟ್ಟಲು ನೀರು ಇಡಿ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಬೂತಾಯಿ ಮೀನು, ಇಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡವೇ ಬೇಡ. ಅವು ಬೆಕ್ಕಿನ ರಕ್ತಕ್ಕೆ ವಿಷ.

ನಮ್ಮದು ಮಡಿ ಮನೆ, ಮೊಟ್ಟೇನೂ ತರಲ್ಲ. ಬೆಕ್ಕು ಸಾಕಬಹುದಾ?

ಸಾಕಬಹುದು. ಆದರೆ ಬೆಕ್ಕನ್ನು ಮೊಸರನ್ನಕ್ಕೆ ಇಳಿಸಲು ಹೋಗಬೇಡಿ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಅನ್ನುವ ಅಂಶ ಅದಕ್ಕೆ ಮಾಂಸದಿಂದಲೇ ಬರಬೇಕು. ಅದು ಸಿಗದೆ ಹೋದರೆ ಕಣ್ಣು ಕೆಡುತ್ತದೆ, ಹೃದಯ ಸೋಲುತ್ತದೆ. ನನಗೆ ಗೊತ್ತಿರುವ ಇಂಥ ಎರಡು ಮನೆಗಳಲ್ಲಿ ಒಣ ಕಾಳಿನ ಆಹಾರದ ಡಬ್ಬಿಯನ್ನು ಹಿತ್ತಲಿನ ಕಪಾಟಿನಲ್ಲಿ ಇಟ್ಟಿದ್ದಾರೆ, ಅಡುಗೆಮನೆಗೆ ತರುವುದಿಲ್ಲ. ಅಜ್ಜಿಗೂ ಸಮಾಧಾನ, ಬೆಕ್ಕಿಗೂ ಸಮಾಧಾನ. ಅದಕ್ಕೂ ಒಪ್ಪಿಗೆ ಇಲ್ಲ ಅಂದರೆ ಬೆಕ್ಕು ಬೇಡ.

ಬೆಕ್ಕಿನ ಕೂದಲು ಹೊಟ್ಟೆಗೆ ಹೋದ್ರೆ ಅಸ್ತಮಾ ಬರುತ್ತಂತೆ?

ಹೊಟ್ಟೆಗೆ ಹೋದ ಕೂದಲಿನಿಂದ ಬರುವುದಿಲ್ಲ. ಅಲರ್ಜಿಗೆ ಕಾರಣ ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನ್. ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟುತ್ತದೆ, ಒಣಗಿ ಗಾಳಿಯಲ್ಲಿ ಹಾರುತ್ತದೆ, ಮೂಗಿಗೆ ಹೋಗುತ್ತದೆ. ಮನೆಯಲ್ಲಿ ಈಗಾಗಲೇ ಉಬ್ಬಸ ಇರುವವರಿದ್ದರೆ ಬೆಕ್ಕನ್ನು ಒಳಗೆ ಸೇರಿಸುವ ಮೊದಲು ಅವರ ಡಾಕ್ಟರನ್ನು ಕೇಳಿ. ಸೇರಿಸಿದ ಮೇಲೆ ಹೊರಗೆ ಹಾಕುವುದು ಎರಡೂ ಕಡೆಗೆ ಕಷ್ಟ.

ಮಗಳು ಬಸುರಿ, ಹೆರಿಗೆಗೆ ಬಂದಿದ್ದಾಳೆ. ಬೆಕ್ಕನ್ನ ಓಡಿಸಿಬಿಡಬೇಕಾ?

ಓಡಿಸಬೇಕಿಲ್ಲ. ಭಯ ಇರುವುದು ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯದ್ದು. ಅದು ಬೆಕ್ಕಿನ ಮಲದಲ್ಲಿ ಬರುತ್ತದೆ, ಆದರೆ ಹೊರಬಿದ್ದ ಮೇಲೆ ಸೋಂಕು ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ಹಾಗಾಗಿ ಬೆಕ್ಕು ಮಲಮೂತ್ರ ಮಾಡುವ ಟ್ರೇಯನ್ನು ದಿನಾ ಸ್ವಚ್ಛ ಮಾಡಬೇಕು, ಮಗಳನ್ನು ಬಿಟ್ಟು ಬೇರೆಯವರು ಮಾಡಬೇಕು. ಅವಳು ಗಿಡದ ಕುಂಡದ ಮಣ್ಣು ಬರಿಗೈಯಲ್ಲಿ ಮುಟ್ಟದಿರಲಿ, ಅರೆಬೆಂದ ಮಾಂಸ ತಿನ್ನದಿರಲಿ, ಸೊಪ್ಪು ಚೆನ್ನಾಗಿ ತೊಳೆಯಲಿ. ಅವಳ ಡಾಕ್ಟರಿಗೂ ಮನೆಯಲ್ಲಿ ಬೆಕ್ಕಿದೆ ಅಂತ ಹೇಳಿಬಿಡಿ.

ಗಂಡೋ ಹೆಣ್ಣೋ?

ಮೂರು ಬಣ್ಣ ಇದ್ದರೆ ಬಹುತೇಕ ಹೆಣ್ಣು. ಪೂರ್ತಿ ಕೆಂಚಾಗಿದ್ದರೆ ಗಂಡಾಗಿರುವುದೇ ಜಾಸ್ತಿ. ನಮಗೆ ಇದು ಗೊತ್ತಿರಲಿಲ್ಲ. ಕೆಂಚಿ ಅಂತ ಹೆಸರಿಟ್ಟು ನಾಲ್ಕು ತಿಂಗಳಾದ ಮೇಲೆ ಡಾಕ್ಟರು ಬಾಲ ಎತ್ತಿ ನೋಡಿ ನಕ್ಕರು. ಹೆಸರು ಬದಲಾಯಿಸಲಿಲ್ಲ.

## ಮನೆಯೊಳಗಿನ ಮೊದಲ ದಿನಗಳು

ಒಳಗೆ ತಂದ ಕೂಡಲೇ ಮಂಚದ ಕೆಳಗೆ ಹೋಗಿ ಕೂತಿದೆ, ಬರ್ತಾನೇ ಇಲ್ಲ. ಏನ್ಮಾಡ್ಲಿ?

ಏನೂ ಮಾಡಬೇಡಿ. ಕೈ ಹಾಕಿ ಎಳೆಯಬೇಡಿ, ಪೊರಕೆ ಹಿಡಿದು ನೂಕಬೇಡಿ. ಇಡೀ ಮನೆ ಬಿಟ್ಟುಕೊಟ್ಟದ್ದೇ ತಪ್ಪು. ಒಂದು ಸಣ್ಣ ಕೋಣೆ ಸಾಕು. ಅಲ್ಲಿ ಒಂದು ರಟ್ಟಿನ ಡಬ್ಬ ಮಗುಚಿ ಬಾಗಿಲಿನಷ್ಟು ತೂತು ಮಾಡಿಡಿ. ಊಟ ಒಂದು ಮೂಲೆಗೆ, ಟ್ರೇ ಎದುರು ಮೂಲೆಗೆ. ನೀವು ಹೋಗಿ ನೆಲದ ಮೇಲೆ ಕೂತು ಪೇಪರ್ ಓದಿ, ಅದನ್ನು ನೋಡಬೇಡಿ. ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು, ದನಿ ಪರಿಚಯವಾಗುತ್ತದೆ. ನಾನು ಒಂದು ಇಡೀ ವಾರ ಷೇರು ಪೇಟೆಯ ಪುಟ ಓದಿದ್ದೇನೆ.

ಒಂದು ಎಚ್ಚರಿಕೆ. ಎರಡು ದಿನ ಏನೂ ತಿನ್ನದಿದ್ದರೆ ಸುಮ್ಮನೆ ಕಾಯಬೇಡಿ. ಊಟ ಬಿಟ್ಟ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರುತ್ತದೆ. ಮರಿಯಾದರೆ ಒಂದು ದಿನವೂ ಕಾಯುವಂತಿಲ್ಲ.

ಮನೇಲಿ ಈಗಾಗಲೇ ಒಂದು ಬೆಕ್ಕಿದೆ. ಜೊತೇಲಿ ಬಿಡಬಹುದಾ?

ಕಡಿಮೆಯೆಂದರೆ ಎರಡು ವಾರ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಟ್ರೇ. ಹೊಸದನ್ನು ಮುಟ್ಟಿದ ಮೇಲೆ ಕೈ ತೊಳೆದು ಹಳೆಯದನ್ನು ಮುಟ್ಟಿ. ಪ್ಯಾನ್‌ಲ್ಯುಕೋಪೀನಿಯ ಅಂತ ಒಂದು ವೈರಸ್ ಇದೆ, ಇದು ನಾಯಿಗಳ ಪಾರ್ವೋದ ಹತ್ತಿರದ ನೆಂಟ. ಇವತ್ತು ಆಡುತ್ತಿದ್ದ ಮರಿ ನಾಳೆ ವಾಂತಿ, ಭೇದಿ ಹಿಡಿದು ಮಲಗಿಬಿಡುತ್ತದೆ. ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಇದೆ. ಮರಿಗಳಿಗೆ ಆರೆಂಟು ವಾರಕ್ಕೆ ಶುರು ಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ರೇಬಿಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ.

ಆಮೇಲೆ ಪರಿಚಯ ಮಾಡಿಸುವುದೂ ಮುಚ್ಚಿದ ಬಾಗಿಲಿನ ಎರಡು ಕಡೆ ಊಟ ಇಟ್ಟು. ಮೊದಲು ವಾಸನೆ, ಮುಖ ಆಮೇಲೆ.

ಮೈ ತುಂಬ ಚಿಗಟ. ನಾಯಿಗೆ ಹಾಕೋ ಔಷಧಿ ಇದೆ, ಸ್ವಲ್ಪ ಹಾಕ್ಲಾ?

ಬೇಡ. ನಾಯಿಯ ಚಿಗಟದ ಔಷಧಿಗಳಲ್ಲಿ ಕೆಲವಕ್ಕೆ ಪರ್ಮೆತ್ರಿನ್ ಸೇರಿಸಿರುತ್ತಾರೆ. ಬೆಕ್ಕಿಗೆ ಅದು ತಾಗಿದರೆ ನಡುಕ, ಫಿಟ್ಸ್, ಸಾವು. ಡೆಟಾಲ್ ಹಾಕಿ ಸ್ನಾನ ಮಾಡಿಸುವುದೂ ಬೇಡ, ಮೈ ನೆಕ್ಕಿ ನುಂಗುತ್ತದೆ. ಜ್ವರ ಅಂತ ಪ್ಯಾರಾಸಿಟಮಾಲ್ ಅಂತೂ ಚೂರೂ ಕೊಡಬೇಡಿ, ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು. ತೂಕ ನೋಡಿ ಬೆಕ್ಕಿಗೆಂದೇ ಮಾಡಿದ ಹನಿ ಔಷಧಿ ಡಾಕ್ಟರು ಕೊಡುತ್ತಾರೆ. ಅಲ್ಲಿಯವರೆಗೆ ಹೇನಿನ ಬಾಚಣಿಗೆಯಲ್ಲಿ ಬಾಚಿ, ಸಿಕ್ಕಿದ್ದನ್ನು ಸೋಪಿನ ನೀರಿಗೆ ಅದ್ದಿ.

ಟ್ರೇಗೆ ಏನು ಹಾಕೋದು?

ಅಂಗಡಿಯಲ್ಲಿ ಬೆಕ್ಕಿನ ಟ್ರೇಗೆಂದೇ ಸಿಗುವ 'ಲಿಟರ್' ಹರಳು, ಇಲ್ಲದಿದ್ದರೆ ಕಟ್ಟಡದ ಮರಳು. ಬೀದಿಯಿಂದ ಬಂದದ್ದಕ್ಕೆ ಮೊದಲ ವಾರ ಸ್ವಲ್ಪ ತೋಟದ ಮಣ್ಣು ಬೆರೆಸಿ, ಬೇಗ ಅರ್ಥವಾಗುತ್ತದೆ.

## ಕ್ಯಾರಿಯರ್ ಎಂಬ ಶತ್ರು

ಎಂಥ ಕ್ಯಾರಿಯರ್ ತಗೋಬೇಕು?

ನಮ್ಮಮ್ಮನಿಗೆ ಕ್ಯಾರಿಯರ್ ಅಂದರೆ ಇವತ್ತಿಗೂ ಊಟದ ಕ್ಯಾರಿಯರ್ರೇ. 'ಬೆಕ್ಕಿಗೆ ಕ್ಯಾರಿಯರ್ ತಂದೆ' ಅಂದಾಗ 'ಎಷ್ಟು ಡಬ್ಬಿಯದ್ದು?' ಅಂತ ಕೇಳಿದ್ದರು. ಇರಲಿ. ಗಟ್ಟಿ ಪ್ಲಾಸ್ಟಿಕ್ಕಿನದ್ದು ತಗೊಳ್ಳಿ. ಮುಂದೆ ಜಾಲರಿ ಬಾಗಿಲು, ಮೇಲೂ ತೆರೆಯುವಂತಿದ್ದರೆ ಒಳ್ಳೆಯದು. ಮೇಲಿನ ಅರ್ಧ ಕ್ಲಿಪ್ ಬಿಚ್ಚಿ ತೆಗೆಯಲು ಬರಬೇಕು. ಹೆದರಿದ ಬೆಕ್ಕನ್ನು ಡಾಕ್ಟರು ಕೆಳಗಿನ ಅರ್ಧದಲ್ಲಿ ಕೂರಿಸಿಕೊಂಡೇ ಪರೀಕ್ಷೆ ಮಾಡಬಹುದು, ಎಳೆದಾಡುವ ಕೆಲಸ ಇಲ್ಲ. ಬೆಕ್ಕು ಒಳಗೆ ನಿಂತು ಒಂದು ಸುತ್ತು ತಿರುಗುವಷ್ಟು ಜಾಗ ಸಾಕು. ಬಟ್ಟೆಯ ಬ್ಯಾಗುಗಳು ಸಾಧು ಬೆಕ್ಕಿಗೆ ಪರವಾಗಿಲ್ಲ. ಬೀದಿ ಬೆಕ್ಕು ಜಿಪ್ಪಿನ ಮೂಲೆಗೆ ಮೂತಿ ತುರುಕಿ ಐದೇ ನಿಮಿಷದಲ್ಲಿ ಹೊರಗೆ ಬರುತ್ತದೆ. ಬೆನ್ನಿಗೆ ಹಾಕುವ, ಗಾಜಿನ ಗುಮ್ಮಟ ಇರುವ ಬ್ಯಾಗು ನೋಡಲು ಚೆಂದ, ನಮ್ಮ ಏಪ್ರಿಲ್ ಬಿಸಿಲಿಗೆ ಅದು ಒಲೆ.

ಕ್ಯಾರಿಯರ್ ತೆಗೆದ್ರೆ ಸಾಕು, ಮಾಯ ಆಗುತ್ತೆ. ಹೇಗೆ ಅಭ್ಯಾಸ ಮಾಡಿಸೋದು?

ಬೆಕ್ಕಿನ ಕಡೆಯಿಂದ ಒಮ್ಮೆ ನೋಡಿ. ವರ್ಷಕ್ಕೆ ಎರಡು ಸಲ ಅಟ್ಟದಿಂದ ಒಂದು ಡಬ್ಬ ಇಳಿಯುತ್ತದೆ. ಇಳಿದ ದಿನವೇ ಸೂಜಿ. ನಾನಾದರೂ ಓಡುತ್ತಿದ್ದೆ.

ಹಾಗಾಗಿ ಕ್ಯಾರಿಯರ್ ಬೆಕ್ಕಿಗಿಂತ ಮೊದಲು ಮನೆಗೆ ಬರಲಿ. ಮೇಲಿನ ಅರ್ಧ, ಬಾಗಿಲು ಎರಡನ್ನೂ ಬಿಚ್ಚಿಡಿ. ಕೆಳಗಿನ ಅರ್ಧ ಬರೀ ಒಂದು ತಟ್ಟೆಯಂತೆ ಕಾಣುತ್ತದೆ, ಅದರಲ್ಲಿ ನಿಮ್ಮ ಹಳೇ ಬನಿಯನ್ ಹಾಸಿ. ಒಗೆದದ್ದಲ್ಲ, ಒಂದು ದಿನ ತೊಟ್ಟದ್ದು. ಊಟದ ಬಟ್ಟಲನ್ನು ಮೊದಲು ಅದರ ಪಕ್ಕ ಇಡಿ. ಎರಡು ದಿನ ಬಿಟ್ಟು ಅಂಚಿಗೆ. ಇನ್ನೆರಡು ದಿನಕ್ಕೆ ಒಳಗೆ, ಕೊನೆಯ ಗೋಡೆಗೆ ತಾಗಿಸಿ. ನಾಲ್ಕೂ ಕಾಲು ಒಳಗಿಟ್ಟು ತಿನ್ನಲು ಶುರುಮಾಡಿದ ಮೇಲೆ ಮೇಲಿನ ಅರ್ಧ ಕೂರಿಸಿ. ಈ ಹಂತದಲ್ಲಿ ಬೆಕ್ಕು ಒಂದೆರಡು ದಿನ ಹಿಂದೆ ಸರಿಯುತ್ತದೆ. ಬಟ್ಟಲನ್ನೂ ಸ್ವಲ್ಪ ಹಿಂದೆ ತನ್ನಿ, ಹಟ ಮಾಡಬೇಡಿ.

ಬಾಗಿಲು ಕೊನೆಗೆ. ತಿನ್ನುವಾಗ ಮೆಲ್ಲಗೆ ಮುಚ್ಚಿ, ತಿಂದು ತಲೆ ಎತ್ತುವ ಮೊದಲೇ ತೆಗೆಯಿರಿ. ಮರುದಿನ ಹತ್ತು ಸೆಕೆಂಡ್. ಆಮೇಲೆ ಒಂದು ನಿಮಿಷ. ಆಮೇಲೆ ಮುಚ್ಚಿ, ಎತ್ತಿ, ಹಜಾರ ದಾಟಿ ಅಡುಗೆಮನೆಗೆ ಹೋಗಿ ಇಳಿಸಿ, ಒಂದು ತುಂಡು ಮೀನು ಕೊಡಿ. ಹಿಡಿಕೆ ಹಿಡಿದು ತೂಗಾಡಿಸಬೇಡಿ, ಕೆಳಗೆ ಕೈ ಕೊಟ್ಟು ಎದೆಗೆ ಒತ್ತಿ ಹಿಡಿಯಿರಿ. ಬಾಗಿಲಿನ ಕ್ಲಿಪ್ 'ಟಕ್' ಅನ್ನುವ ಸದ್ದಿಗೇ ನಮ್ಮ ಬೂದಿ ಬೆಕ್ಕು ಎಗರುತ್ತಿತ್ತು. ಅದಕ್ಕೆ ಬರೀ ಆ ಸದ್ದನ್ನೇ ನಾಲ್ಕು ದಿನ ಅಭ್ಯಾಸ ಮಾಡಿಸಿದೆ. ಟಕ್, ಒಂದು ಕಾಳು. ಟಕ್, ಒಂದು ಕಾಳು.

ಒಟ್ಟು ಎಷ್ಟು ದಿನ ಅಂತ ಕೇಳುತ್ತಾರೆ. ನಮ್ಮಲ್ಲಿ ಒಂದಕ್ಕೆ ಎಂಟು ದಿನ ಹಿಡಿಯಿತು, ಇನ್ನೊಂದಕ್ಕೆ ಎರಡು ತಿಂಗಳು.

ನಾಳೆ ಬೆಳಿಗ್ಗೇನೇ ಡಾಕ್ಟರ ಹತ್ರ ಹೋಗ್ಬೇಕು. ಅಭ್ಯಾಸಕ್ಕೆಲ್ಲ ಟೈಮಿಲ್ಲ.

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಕೆಂಚಿಯನ್ನು ಮೊದಲ ಸಲ ಒಯ್ಯುವ ದಿನ ಹಜಾರದಲ್ಲೇ ಕ್ಯಾರಿಯರ್ ಇಟ್ಟು, ಅದರ ಕಣ್ಣೆದುರೇ ಬಾಗಿಲು ತೆಗೆದು, ತಲೆ ಮುಂದೆ ಮಾಡಿ ನೂಕಿದೆ. ನಾಲ್ಕೂ ಕಾಲನ್ನು ಅಂಚಿಗೆ ಕೊಟ್ಟು ನಿಂತಿತು. ಇನ್ನೂ ನೂಕಿದೆ. ನನ್ನ ಮುಂಗೈ ಮೇಲೆ ಹತ್ತಿ, ಭುಜ ದಾಟಿ, ತೆರೆದಿದ್ದ ಹಿತ್ತಲ ಬಾಗಿಲಿನಿಂದ ಹೋದದ್ದು ಹನ್ನೊಂದು ದಿನ ಬರಲಿಲ್ಲ. ಒಂದೇ ಸಲಕ್ಕೆ ನಾಲ್ಕು ತಪ್ಪು.

ಸರಿಯಾದ ರೀತಿ ಹೀಗೆ. ರಾತ್ರಿಯೇ ಬೆಕ್ಕನ್ನು ಸಣ್ಣ ಕೋಣೆಯಲ್ಲಿ, ಸಾಧ್ಯವಾದರೆ ಬಚ್ಚಲಿನಲ್ಲಿ, ಟ್ರೇ ಸಮೇತ ಕೂಡಿಹಾಕಿ. ಮಂಚ, ಬೀರು ಇರುವ ಕೋಣೆ ಬೇಡ. ಬೆಳಿಗ್ಗೆ ಕ್ಯಾರಿಯರನ್ನು ಹೊರಗೇ ಸಿದ್ಧ ಮಾಡಿ: ಹಿಂಬದಿ ಕೆಳಗೆ, ಬಾಗಿಲು ಆಕಾಶಕ್ಕೆ, ನೇರ ನಿಲ್ಲಿಸಿ ಗೋಡೆಗೆ ಒರಗಿಸಿ. ತಳಕ್ಕೆ ಟವೆಲ್. ಒಳಗೆ ತಂದು ಕೋಣೆಯ ಬಾಗಿಲು ಹಾಕಿಕೊಳ್ಳಿ. ಇನ್ನೊಂದು ದಪ್ಪ ಟವೆಲ್ಲನ್ನು ಬೆಕ್ಕಿನ ಮೇಲೆ ಹಿಂದಿನಿಂದ ಹಾಕಿ, ಕತ್ತಿನ ಸುತ್ತ ತಂದು, ಮುಂಗಾಲುಗಳು ಒಳಗೆ ಸೇರುವಂತೆ ಸುತ್ತಿ. ಮೈಸೂರು ಪೇಟ ಸುತ್ತಿದಂತಲ್ಲ, ಬಾಣಂತಿ ಮನೆಯಲ್ಲಿ ಕೂಸನ್ನು ಸುತ್ತುವಂತೆ. ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಬದಿಗೆ. ಮೊದಲು ಹಿಂಗಾಲು, ಆಮೇಲೆ ಮೈ, ಕೊನೆಗೆ ತಲೆ. ತಾನು ಎಲ್ಲಿಗೆ ಇಳಿಯುತ್ತಿದ್ದೇನೆ ಅನ್ನುವುದು ಅದಕ್ಕೆ ಕಾಣದಿರುವುದೇ ಇದರ ಗುಟ್ಟು. ಟವೆಲ್ ಒಳಗೇ ಇರಲಿ. ಬಾಗಿಲು ಹಾಕಿ, ನಿಧಾನವಾಗಿ ಮಲಗಿಸಿ, ಎರಡೂ ಕ್ಲಿಪ್ ಕೂತಿವೆಯಾ ಒಮ್ಮೆ ಎಳೆದು ನೋಡಿ.

ಎರಡು ಸಲ ತಪ್ಪಿದರೆ ನಿಲ್ಲಿಸಿ. ಪ್ರಾಣಕ್ಕೆ ಬಂದಿದ್ದಲ್ಲದಿದ್ದರೆ ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಿ. ಮೂರನೇ ಸಲಕ್ಕೆ ರಕ್ತ ಬರುವುದು ನಿಮ್ಮದೇ.

ಗೋಣಿಚೀಲಕ್ಕೆ ಹಾಕಿದ್ರೆ ಆಗಲ್ವಾ? ಹಿಂದೆಲ್ಲ ಹಂಗೇ ತಗೊಂಡು ಹೋಗ್ತಿದ್ರು.

ಹಿಂದೆ ಗೋಣಿಚೀಲದಲ್ಲಿ ಒಯ್ಯುತ್ತಿದ್ದುದು ಆಸ್ಪತ್ರೆಗಲ್ಲ, ಊರಾಚೆ ಬಿಟ್ಟು ಬರಲು. ಹೊಳೆ ದಾಟಿಸಿ ಬಿಟ್ಟದ್ದು ವಾರದಲ್ಲಿ ವಾಪಸ್ ಬಂದ ಕಥೆ ಎಲ್ಲರ ಮನೆಯಲ್ಲೂ ಇದೆ, ಅಲ್ವಾ? ವಾಪಸ್ ಬಾರದವುಗಳ ಕಥೆ ಯಾರೂ ಹೇಳುವುದಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಸಾಕಿದ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಚೀಲದೊಳಗೆ ಗಾಳಿ ಕಡಿಮೆ, ಹೆದರಿಕೆ ಜಾಸ್ತಿ, ಹೊರಗಿನಿಂದ ಹಿಡಿದವರ ಕೈಗೆ ಉಗುರು ಸೀದಾ ತಾಗುತ್ತದೆ. ಕ್ಯಾರಿಯರ್ ಇಲ್ಲವೇ ಇಲ್ಲ ಅಂದರೆ ತರಕಾರಿ ಕ್ರೇಟ್ ಎರಡನ್ನು ಬಾಯಿಗೆ ಬಾಯಿ ಸೇರಿಸಿ ನಾಲ್ಕೂ ಕಡೆ ಹಗ್ಗ ಬಿಗಿಯಿರಿ. ಗಾಳಿ ಆಡುತ್ತದೆ, ಗಟ್ಟಿ ಇರುತ್ತದೆ.

ಆಟೋದಲ್ಲಿ ದಾರಿ ಪೂರ್ತಿ ಕೂಗುತ್ತೆ, ಜೊಲ್ಲು ಸುರಿಸುತ್ತೆ.

ಕ್ಯಾರಿಯರ್ ಮೇಲೆ ತೆಳು ಬಟ್ಟೆ ಹೊದಿಸಿ, ಗಾಳಿಗೆ ಒಂದು ಬದಿ ಬಿಡಿ. ಆಟೋದಲ್ಲಿ ತೊಡೆಯ ಮೇಲೆ, ಕಾರಿನಲ್ಲಿ ಮುಂದಿನ ಸೀಟಿನ ಹಿಂದೆ ಕೆಳಗೆ. ಸ್ಕೂಟರಾದರೆ ಹಿಂದೆ ಒಬ್ಬರು ಹಿಡಿದು ಕೂರಲೇಬೇಕು. ಜೊಲ್ಲು, ಕೂಗು ಹೆದರಿಕೆಯದ್ದು. ಆದರೆ ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಟ್ಟರೆ ಬಿಸಿಲಿನಿಂದ ಸರಿಸಿ ತಕ್ಷಣ ಡಾಕ್ಟರಿಗೆ ಹೇಳಿ. ಪಾಪ ಅಂತ ದಾರಿಯಲ್ಲಿ ಬಾಗಿಲು ತೆಗೆಯಬೇಡಿ. ಕಳೆದುಹೋದ ಬೆಕ್ಕುಗಳಿಗಾಗಿ ನನಗೆ ಬಂದ ಫೋನುಗಳಲ್ಲಿ ಮೂರು ಹೀಗೇ ಶುರುವಾಗಿದ್ದವು.

## ಕೈಗೆ ಸಿಗದವು

ಮುಟ್ಟೋಕೂ ಬಿಡಲ್ಲ. ಆಪರೇಷನ್ ಮಾಡ್ಸೋದು ಹೇಗೆ?

ಇದಕ್ಕೆ ಕ್ಯಾರಿಯರ್ ಅಲ್ಲ, ಬೋನು ಬೇಕು. ತುಳಿದರೆ ಬಾಗಿಲು ಬೀಳುವ ತಂತಿ ಬೋನು. ಪ್ರಾಣಿ ದಯಾ ಸಂಘಗಳನ್ನು ಕೇಳಿದರೆ ಕೆಲವರು ಎರವಲು ಕೊಡುತ್ತಾರೆ. ಎರಡು ವಾರ ಒಂದೇ ಜಾಗ, ಒಂದೇ ಹೊತ್ತಿಗೆ ಊಟ ಹಾಕಿ. ಬೋನಿನ ಬಾಗಿಲನ್ನು ಕಟ್ಟಿ ತೆರೆದಿಟ್ಟು ಊಟವನ್ನು ದಿನಾ ಸ್ವಲ್ಪ ಒಳಗೆ ಸರಿಸಿ. ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಕೊಂಡು, ಹಿಂದಿನ ದಿನ ಊಟ ಹಾಕದೆ, ಕಟ್ಟು ಬಿಚ್ಚಿ. ಹುರಿದ ಒಣಮೀನಿನ ವಾಸನೆಗೆ ಬರದ ಬೆಕ್ಕನ್ನು ನಾನಿನ್ನೂ ನೋಡಿಲ್ಲ. ಬಾಗಿಲು ಬಿದ್ದ ಕ್ಷಣ ಹುಚ್ಚೆದ್ದು ಬಡಿದುಕೊಳ್ಳುತ್ತದೆ. ಓಡಿಹೋಗಿ ಇಡೀ ಬೋನಿನ ಮೇಲೆ ಬೆಡ್‌ಶೀಟ್ ಹಾಕಿ, ಕತ್ತಲಾದರೆ ಸುಮ್ಮನಾಗುತ್ತದೆ. ಬೋನಿಟ್ಟು ಸಿನಿಮಾಕ್ಕೆ ಹೋಗಬೇಡಿ. ಹತ್ತು ನಿಮಿಷಕ್ಕೊಮ್ಮೆ ಇಣುಕಿ.

ತಡ ಮಾಡಬೇಡಿ ಅನ್ನುವುದಕ್ಕೆ ಲೆಕ್ಕ ಇದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಒಂಬತ್ತು ವಾರ, ಮರಿ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬ ಆಗಬಹುದು.

ನಮ್ಮ ಸಜ್ಜೆ ಮೇಲೆ ಮರಿ ಹಾಕಿದೆ. ತಾಯಿ ಕಾಣ್ತಿಲ್ಲ. ಮರಿಗಳನ್ನ ಎತ್ಕೊಂಡು ಬರ್ಲಾ?

ತಡೆಯಿರಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತ ನಮ್ಮವರು ಹೇಳುವುದು ಸುಮ್ನೆ ಅಲ್ಲ. ಜಾಗ ಬದಲಾಯಿಸುವಾಗ ಒಂದೊಂದನ್ನೇ ಕಚ್ಚಿ ಒಯ್ಯುತ್ತದೆ, ನೀವು ನೋಡಿದ್ದು ಎರಡನೇ ಸುತ್ತಿಗೆ ಉಳಿದವು ಇರಬಹುದು. ದೂರ ನಿಂತು ಕೆಲವು ಗಂಟೆ ನೋಡಿ. ಹೊಟ್ಟೆ ತುಂಬಿದ ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿರುತ್ತವೆ. ಮೈ ತಣ್ಣಗಾಗಿ ಬಿಡದೆ ಅಳುತ್ತಿದ್ದರೆ ಮಾತ್ರ ಎತ್ತಿ, ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲಿನ ಮಾತು. ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಜೀರ್ಣವಾಗುವುದಿಲ್ಲ. ತಾಯಿ ಇದ್ದರೆ ತಾಯಿಯ ಜೊತೆಗೇ ಹಿಡಿಯಬೇಕು.

ಹಿಡಿಯೋವಾಗ ಕಚ್ಚಿಬಿಡ್ತು. ಸಣ್ಣ ಗಾಯ, ಅರಿಶಿನ ಹಚ್ಚಿದೀನಿ.

ಅರಿಶಿನ ತೊಳೆಯಿರಿ. ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಹರಿಯುವ ನೀರು, ಸೋಪು, ಪೂರ್ತಿ 15 ನಿಮಿಷ ಗಡಿಯಾರ ನೋಡಿ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ, ಬಂದ ಮೇಲೆ ಮದ್ದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮಕ್ಕೆ ಕೊಡುವ ಲಸಿಕೆ 0, 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ, ನೀವೇ ಕೇಳಿ. ಬೆಕ್ಕಿನ ಮೇಲೆ 10 ದಿನ ಕಣ್ಣಿಡಿ, ಆದರೆ 'ನೋಡೋಣ' ಅಂತ ಲಸಿಕೆ ತಡಮಾಡಬೇಡಿ. ಇನ್ನೊಂದು, ಬೆಕ್ಕಿನ ಹಲ್ಲು ಸೂಜಿಯಂತೆ. ಮೇಲೆ ಚುಕ್ಕೆ ಕಂಡರೂ ಆಳಕ್ಕೆ ಇಳಿದಿರುತ್ತದೆ. ಮರುದಿನ ಕೈ ಕೆಂಪಾಗಿ ಊದಿದರೆ ಅದಕ್ಕೆ ಬೇರೆ ಔಷಧಿ ಬೇಕು.

ನಿದ್ದೆ ಮಾತ್ರೆ ಕೊಟ್ಟು ಒಯ್ಯಬಹುದಾ?

ಮನುಷ್ಯರದ್ದು ಕೊಡಬೇಡಿ. ಹೆದರಿಕೆ ಇಳಿಸಲು ಹೊರಡುವ ಒಂದೆರಡು ಗಂಟೆ ಮೊದಲು ಕೊಡುವ ಔಷಧಿ ಇದೆ, ಗ್ಯಾಬಪೆಂಟಿನ್ ಅಂತ. ಡಾಕ್ಟರು ತೂಕಕ್ಕೆ ತಕ್ಕಂತೆ ಬರೆದುಕೊಡುತ್ತಾರೆ. ಬೀದಿಗೆ ವಾಪಸ್ ಬಿಡುವ ಬೆಕ್ಕಾದರೆ ಮಂಪರು ಪೂರ್ತಿ ಇಳಿದ ಮೇಲೇ ಬಿಡಬೇಕು.

ಆಪರೇಷನ್, ಲಸಿಕೆ ಎಲ್ಲ ಮುಗೀತು. ಕ್ಯಾರಿಯರ್ ಅಟ್ಟಕ್ಕೆ ಹಾಕ್ಲಾ?

ಬೇಡ. ಬಾಗಿಲು ಬಿಚ್ಚಿ ಅಲ್ಲೇ ಇಡಿ. ಬನಿಯನ್ ಬದಲಾಯಿಸಿ, ವಾರಕ್ಕೊಮ್ಮೆ ಒಳಗೆ ಒಂದು ತುಂಡು ಮೀನು ಹಾಕಿ. ಮುಂದಿನ ವರ್ಷ ಮತ್ತೆ ಸೂಜಿ ಇದೆ. ನಮ್ಮದು ಟಿವಿ ಪಕ್ಕ ಇದೆ, ಮೇಲೆ ಹಳೇ ಪೇಪರ್ ಪೇರಿಸಿದ್ದೇವೆ. ಹನ್ನೊಂದು ದಿನ ಮನೆ ಬಿಟ್ಟು ಹೋಗಿದ್ದ ಕೆಂಚಿ ಮಧ್ಯಾಹ್ನ ಮಲಗುವುದು ಅದರೊಳಗೇ. ನೆಂಟರು ಬಂದು 'ಅಯ್ಯೋ, ಕೂಡಿಹಾಕಿದೀರಾ?' ಅಂತ ಕೇಳುತ್ತಾರೆ.